ಪರಿಚಯ ಬೇರೆ, ವಶೀಲಿ ಬೇರೆ

ಕ್ಯಾಂಪಸ್ ಪ್ಲೇಸ್‌ಮೆಂಟ್ ಬಗ್ಗೆ ನಾವು ಯಾವತ್ತು ಕಾರ್ಯಕ್ರಮ ಮಾಡಿದರೂ ಒಂದು ಮೆಸೇಜ್ ಬಂದೇ ಬರುತ್ತೆ. "ಮೇಡಂ, ಎಲ್ಲಾ ಇನ್‌ಫ್ಲುಯೆನ್ಸ್ ಇದ್ದೋರಿಗೇ ಹೋಗುತ್ತೆ. ನಮಗ್ಯಾರು ಗೊತ್ತು?" ಬರೆಯೋರಲ್ಲಿ ಹೆಚ್ಚಿನವರು ಜಿಲ್ಲಾ ಕೇಂದ್ರದ, ತಾಲೂಕಿನ ಕಾಲೇಜುಗಳ ಹುಡುಗರು, ಹುಡುಗಿಯರು. ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲನೆಯವರು. ಅಪ್ಪನಿಗೆ ಗೊತ್ತಿರೋದು ಎಪಿಎಂಸಿ ದಲ್ಲಾಳಿ, ಗ್ರಾಮ ಲೆಕ್ಕಿಗ, ಹೆಚ್ಚೆಂದರೆ ಸೊಸೈಟಿ ಕಾರ್ಯದರ್ಶಿ. ಅವರ ಪೈಕಿ ಯಾರಿಗೂ ಬೆಂಗಳೂರಿನ ಕಂಪನಿಯ ಎಚ್‌ಆರ್ ಮ್ಯಾನೇಜರ್ ಪರಿಚಯ ಇರೋದಿಲ್ಲ.

ಈ ಮಕ್ಕಳ ಸಿಟ್ಟಿನಲ್ಲಿ ನ್ಯಾಯ ಇದೆ. ಮಾವ ಒಬ್ಬ ಕಂಪನಿಯಲ್ಲಿ ಡೈರೆಕ್ಟರ್ ಆಗಿದ್ದರೆ ಅಳಿಯನ ಇಂಟರ್ನ್‌ಶಿಪ್ ಮನೆಯ ಡೈನಿಂಗ್ ಟೇಬಲ್ ಮೇಲೇ ನಿಕ್ಕಿಯಾಗುತ್ತೆ. ಅದನ್ನು ಇಲ್ಲ ಅನ್ನೋಕೆ ನನ್ನಿಂದ ಆಗಲ್ಲ. ಆದರೆ ಆ ಸಿಟ್ಟಿನ ಜೊತೆ ಒಂದು ಗೊಂದಲವೂ ಸೇರಿಕೊಂಡಿದೆ. ವಶೀಲಿ ಮತ್ತು ಪರಿಚಯ ಎರಡನ್ನೂ ಒಂದೇ ಅಂದುಕೊಂಡು, ವಶೀಲಿ ಇಲ್ಲ ಅಂತ ಪರಿಚಯವನ್ನೂ ಬಿಟ್ಟು ಕೂತುಬಿಡ್ತಾರೆ. ವಶೀಲಿ ಅಂದರೆ ಅರ್ಹತೆ ಇಲ್ಲದವನನ್ನು ಒಳಗೆ ತಳ್ಳೋದು. ಪರಿಚಯ ಅಂದರೆ ಅರ್ಹತೆ ಇರೋನ ಬಗ್ಗೆ ಇನ್ನೊಬ್ಬರಿಗೆ ಗೊತ್ತಿರೋದು. ವಶೀಲಿ ಹುಟ್ಟಿನಿಂದ ಬರುತ್ತೆ. ಪರಿಚಯವನ್ನು ನಾಲ್ಕು ವರ್ಷದಲ್ಲಿ ಮಾಡಿಕೊಳ್ಳಬಹುದು, ಅದೂ ಕಾಲೇಜಿನಲ್ಲಿ ಮಾಡಿಕೊಂಡಷ್ಟು ಸುಲಭವಾಗಿ ಆಮೇಲೆ ಎಲ್ಲೂ ಆಗೋದಿಲ್ಲ. ವಿದ್ಯಾರ್ಥಿ ಅಂದ ತಕ್ಷಣ ಜನ ಐದು ನಿಮಿಷ ಕೊಡ್ತಾರೆ. ಕೆಲಸ ಹುಡುಕುತ್ತಿರೋನು ಅಂದರೆ ಅದೇ ಜನ ಫೋನ್ ಎತ್ತಲ್ಲ.

ಇದನ್ನು ಅಳತೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಾಸ್ಟನ್ ನಗರದ ಹೊರವಲಯದ ಒಂದು ಊರಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಕೇಳಿದ ಪ್ರಶ್ನೆ ತುಂಬಾ ಸರಳ: ನಿಮಗೆ ಈ ಕೆಲಸದ ಸುಳಿವು ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿ ಆಗ್ತಿದ್ರಿ? ನಾವಾದರೆ ಆಪ್ತ ಸ್ನೇಹಿತರೇ ಕೊಡಿಸಿರ್ತಾರೆ ಅಂದ್ಕೊಳ್ತೀವಿ. ಬಂದ ಉತ್ತರ ಬೇರೆ. ಪದೇ ಪದೇ, ಅಂದರೆ ವಾರಕ್ಕೆ ಎರಡು ಸಲವಾದರೂ ಸಿಗೋರಿಂದ ಕೆಲಸ ಸಿಕ್ಕಿದ್ದು ಶೇ. 16.7 ಮಂದಿಗೆ. ಅಪರೂಪಕ್ಕೊಮ್ಮೆ ಸಿಗೋರಿಂದ ಶೇ. 55.6. ವರ್ಷಕ್ಕೊಂದು ಸಲವೂ ಕಷ್ಟ ಅನ್ನೋವಂಥವರಿಂದ ಶೇ. 27.8. ಕೇಳಿದ್ದು ಬರೀ 54 ಜನರನ್ನು, ಸಣ್ಣ ಲೆಕ್ಕ. ಆದರೆ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರನ್ನು ಐದು ವರ್ಷ ಗಮನಿಸಿತು. ಅಲ್ಲೂ ಹೆಚ್ಚುಕಮ್ಮಿ ಅದೇ ಕಂಡಿತು. ತೀರಾ ಹತ್ತಿರದವರಿಗಿಂತ, ಸ್ವಲ್ಪ ದೂರದ ಪರಿಚಯದವರೇ ಹೊಸ ಕೆಲಸಕ್ಕೆ ಹೆಚ್ಚು ಉಪಯೋಗಕ್ಕೆ ಬಂದಿದ್ದರು.

ಕಾರಣ ಏನು? ನಿಮ್ಮ ರೂಮ್‌ಮೇಟ್‌ಗೆ ಗೊತ್ತಿರೋದೆಲ್ಲ ನಿಮಗೂ ಗೊತ್ತು. ಇಬ್ಬರೂ ಇರೋದು ಅದೇ ವಾಟ್ಸಾಪ್ ಗ್ರೂಪ್‌ನಲ್ಲಿ, ಇಬ್ಬರೂ ಕುಡಿಯೋದು ಅದೇ ಅಂಗಡಿ ಟೀ. ಅವನು ನಿಮಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತಾನೆ, ಹೊಸ ಸುದ್ದಿ ಮಾತ್ರ ಕೊಡೋಕಾಗಲ್ಲ, ಯಾಕೆಂದರೆ ಅವನ ಹತ್ತಿರವೇ ಇಲ್ಲ. ಎರಡು ವರ್ಷ ಹಿಂದೆ ಪಾಸಾಗಿ ಹೊಸೂರಿನ ಕಾರ್ಖಾನೆ ಸೇರಿದ ಸೀನಿಯರ್ ಬೇರೆ ಲೋಕದಲ್ಲಿದ್ದಾನೆ. ಅಲ್ಲಿ ಯಾವ ವಿಭಾಗಕ್ಕೆ ಜನ ಬೇಕು, ಯಾವ ಸಾಫ್ಟ್‌ವೇರ್ ಬಲ್ಲವರನ್ನು ಕೇಳ್ತಿದ್ದಾರೆ ಅನ್ನೋದು ಅವನಿಗೆ ಗೊತ್ತು, ನಿಮ್ಮ ರೂಮಿನಲ್ಲಿ ಯಾರಿಗೂ ಗೊತ್ತಿಲ್ಲ.

ನಮ್ಮ ನಾಡಿಗೆ ಇದು ಹೊಸ ವಿಷಯವೇನಲ್ಲ. ವಾರಾನ್ನದ ಕಥೆ ನಿಮ್ಮ ಅಜ್ಜ-ತಾತಂದಿರ ಬಾಯಲ್ಲಿ ಕೇಳಿರ್ತೀರಿ. ಹಳ್ಳಿಯಿಂದ ಪಟ್ಟಣಕ್ಕೆ ಓದೋಕೆ ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ವಾರಕ್ಕೆ ಏಳು ಮನೆಯಲ್ಲಿ ಉಣ್ಣುತ್ತಿದ್ದ. ಕಷ್ಟ ಇತ್ತು, ಅವಮಾನವೂ ಇತ್ತು. ಅದರ ಜೊತೆಗೆ ಇನ್ನೊಂದು ನಡೀತಿತ್ತು: ಏಳು ಮನೆಯ ಯಜಮಾನರಿಗೆ ಆ ಹುಡುಗ ಹೇಗೆ ಓದ್ತಾನೆ ಅನ್ನೋದು ಗೊತ್ತಾಗ್ತಿತ್ತು. ಅವರಲ್ಲೊಬ್ಬರು ವಕೀಲರು, ಇನ್ನೊಬ್ಬರು ಮೇಷ್ಟ್ರು, ಮತ್ತೊಬ್ಬರು ತಾಲೂಕು ಕಚೇರಿ ಗುಮಾಸ್ತರು ಆಗಿದ್ದರೆ, ಪರೀಕ್ಷೆ ಮುಗಿಯೋ ಹೊತ್ತಿಗೆ ಹುಡುಗನ ಹೆಸರು ಮೂರು ಕಡೆ ಓಡಾಡಿರ್ತಿತ್ತು. ಆದರೆ ಅದು ಜಾತಿಯ ಗೆರೆಯೊಳಗಿನ ಏರ್ಪಾಡು. ಬಹುಪಾಲು ಮಕ್ಕಳಿಗೆ ಆ ಬಾಗಿಲು ಇರಲೇ ಇಲ್ಲ. ಅವರಿಗೆ ದಾರಿ ಮಾಡಿದ್ದು ಹಾಸ್ಟೆಲ್‌ಗಳು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಸಮುದಾಯ ಸಂಸ್ಥೆಗಳು ನಡೆಸಿದ ವಿದ್ಯಾರ್ಥಿನಿಲಯಗಳು, ಜಾತಿ ಕೇಳದೆ ಅನ್ನ-ವಸತಿ ಕೊಟ್ಟ ತುಮಕೂರಿನ ಸಿದ್ಧಗಂಗಾ ಮಠ, ಆಮೇಲೆ ದೇವರಾಜ ಅರಸು ಕಾಲದಲ್ಲಿ ಹಳ್ಳಿ-ಪಟ್ಟಣಗಳಿಗೆ ಹರಡಿದ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳು. ಇಂದಿಗೂ ಅಧಿಕಾರಿಗಳ ಸಂದರ್ಶನ ಮಾಡುವಾಗ "ನಾವಿಬ್ಬರೂ ಒಂದೇ ಹಾಸ್ಟೆಲ್" ಅನ್ನೋ ಮಾತು ನನಗೆ ಎಷ್ಟು ಸಲ ಕಿವಿಗೆ ಬಿದ್ದಿದೆಯೋ ಲೆಕ್ಕ ಇಟ್ಟಿಲ್ಲ.

ಸ್ವಜಾತಿ, ಸ್ವಂತ ಊರು, ಸ್ವಂತ ಬ್ರಾಂಚ್. ಈ ಮೂರರ ಒಳಗೇ ನಾಲ್ಕು ವರ್ಷ ಸುತ್ತಿದರೆ ಏನಾಗುತ್ತೆ ಅಂತ ಈಗ ನೀವೇ ಹೇಳಬಹುದು. ಗ್ರಾನೊವೆಟರ್ ಲೆಕ್ಕದ ಪ್ರಕಾರ ಅದು ಗಟ್ಟಿ ನಂಟು, ಆದರೆ ಒಂದೇ ಸುದ್ದಿ ಸುತ್ತುವ ನಂಟು. ಮೆಕ್ಯಾನಿಕಲ್ ಹುಡುಗನಿಗೆ ಕಂಪ್ಯೂಟರ್ ಸೈನ್ಸ್‌ನಲ್ಲಿ ಒಬ್ಬ ಗೆಳೆಯ, ರಾಯಚೂರಿನ ಹುಡುಗಿಗೆ ಕಾರ್ಕಳದ ಗೆಳತಿ ಇರಲೇಬೇಕು ಅಂತ ನಾನು ಹಠ ಹಿಡಿಯೋದು ಇದಕ್ಕೇ. ಭಾವೈಕ್ಯದ ಭಾಷಣ ಅಂದ್ಕೋಬೇಡಿ, ಪಕ್ಕಾ ಲೆಕ್ಕಾಚಾರ.

ಇನ್ನು, ಪರಿಚಯ ನಿಜಕ್ಕೂ ಕಂಪನಿಯೊಳಗೆ ಹೇಗೆ ಕೆಲಸ ಮಾಡುತ್ತೆ? ಬಹಳ ಜನಕ್ಕೆ ಇದು ಗೊತ್ತಿಲ್ಲ. ದೊಡ್ಡ ಐಟಿ ಕಂಪನಿಗಳಲ್ಲಿ ರೆಫರಲ್ ಅಂತ ಒಂದು ಪದ್ಧತಿ ಇದೆ. ಹುದ್ದೆ ಖಾಲಿಯಾದಾಗ ಉದ್ಯೋಗಿಗಳು ತಮಗೆ ಗೊತ್ತಿರುವವರ ಬಯೋಡೇಟಾವನ್ನು ಕಂಪನಿಯ ಒಳಗಿನ ಪೋರ್ಟಲ್‌ಗೆ ಹಾಕಬಹುದು. ಆ ಅಭ್ಯರ್ಥಿ ಆಯ್ಕೆಯಾಗಿ ಕೆಲವು ತಿಂಗಳು ನಿಂತರೆ ಹಾಕಿದವನಿಗೆ ಬೋನಸ್ ಕೊಡೋ ಕಂಪನಿಗಳೂ ಇವೆ. ಕಂಪನಿಗೆ ಇದರಿಂದ ಲಾಭ. ಒಂದು ಹುದ್ದೆಗೆ ಸಾವಿರಾರು ಅರ್ಜಿ ಬಂದಾಗ ಮೊದಲ ಜರಡಿ ಹಿಡಿಯೋದು ಸಾಫ್ಟ್‌ವೇರ್. ರೆಫರಲ್ ಇರುವ ಅರ್ಜಿಯನ್ನು ಸಾಮಾನ್ಯವಾಗಿ ಒಬ್ಬ ಮನುಷ್ಯ ತೆರೆದು ನೋಡ್ತಾನೆ. ಅಷ್ಟೇ. ಟೆಸ್ಟ್ ಬರೆಯಬೇಕು, ಇಂಟರ್‌ವ್ಯೂ ಎದುರಿಸಬೇಕು, ಅದು ಯಾವುದೂ ತಪ್ಪಲ್ಲ. ಪರಿಚಯ ನಿಮ್ಮನ್ನು ಬಾಗಿಲ ತನಕ ತರುತ್ತೆ, ಒಳಗಿನ ಪರೀಕ್ಷೆ ನಿಮ್ಮದು. ಹಾಗಾಗಿ ರೆಫರ್ ಮಾಡಿ ಅಂತ ಕೇಳೋಕೆ ಸಂಕೋಚ ಪಡುವ ಅಗತ್ಯವೇ ಇಲ್ಲ. ಕೇಳಿಸಿಕೊಳ್ಳೋನು ನಿಮಗೆ ಭಿಕ್ಷೆ ಹಾಕ್ತಿಲ್ಲ. ಆದರೆ ನಿಮ್ಮ ಬಗ್ಗೆ ಏನೂ ಗೊತ್ತಿಲ್ಲದೆ ಅವನು ಹೆಸರು ಹಾಕಲ್ಲ, ಯಾಕೆಂದರೆ ನೀವು ಕೆಟ್ಟದಾಗಿ ಮಾಡಿದರೆ ಹೋಗೋದು ಅವನ ಮರ್ಯಾದೆ.

ಅಂದರೆ ನಿಮ್ಮ ಬಗ್ಗೆ ಅವನಿಗೆ ಏನಾದರೂ ಗೊತ್ತಿರಬೇಕು. ಅದು ಗೊತ್ತಾಗೋದು ಒಟ್ಟಿಗೆ ಏನಾದರೂ ಮಾಡಿದಾಗ. ಕೈ ಕುಲುಕಿ ಫೋಟೊ ತೆಗೆಸಿಕೊಂಡರೆ ಆಗಲ್ಲ. ಎನ್ನೆಸ್ಸೆಸ್ ಕ್ಯಾಂಪ್‌ನಲ್ಲಿ ಏಳು ದಿನ ಒಂದು ಹಳ್ಳಿಯಲ್ಲಿ ಚರಂಡಿ ಎತ್ತಿ, ರಾತ್ರಿ ಶಾಲೆ ಜಗಲಿಯಲ್ಲಿ ಅನ್ನ-ಸಾರು ಬಡಿಸಿದವರಿಗೆ ಒಬ್ಬರ ಬಗ್ಗೆ ಒಬ್ಬರಿಗೆ ತಿಳಿಯೋದು ಮೂರು ಸೆಮಿಸ್ಟರ್ ಪಕ್ಕದಲ್ಲಿ ಕೂತರೂ ತಿಳಿಯಲ್ಲ. ಯಾರು ಕೆಲಸಗಳ್ಳ, ಯಾರು ಮಾತು ಉಳಿಸಿಕೊಳ್ತಾರೆ, ಎಲ್ಲ ಬಯಲಾಗುತ್ತೆ.

ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ. ಇಂಜಿನಿಯರಿಂಗ್‌ನವರು ಕೆಎಸ್‌ಸಿಎಸ್‌ಟಿ ಅಂತ ಕರೀತಾರೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ಇದು ಧನಸಹಾಯ ಕೊಡುತ್ತೆ, ಆಯ್ಕೆಯಾದವನ್ನು ತಜ್ಞರು ನೋಡ್ತಾರೆ, ಚೆನ್ನಾಗಿರೋದು ಪ್ರದರ್ಶನಕ್ಕೆ ಹೋಗುತ್ತೆ. ಸಿಗುವ ಹಣ ಸಾವಿರಗಳ ಲೆಕ್ಕದ್ದು. ಅದಕ್ಕಿಂತ ದೊಡ್ಡದು, ಬೀದರ್‌ನ ಹುಡುಗರ ಪ್ರಾಜೆಕ್ಟ್ ಪಕ್ಕದಲ್ಲಿ ಪುತ್ತೂರಿನ ಹುಡುಗಿಯರ ಪ್ರಾಜೆಕ್ಟ್ ನಿಂತಿರುತ್ತೆ, ಇಬ್ಬರ ಮುಂದೆಯೂ ಹೊರಗಿನ ಪ್ರೊಫೆಸರ್ ಒಬ್ಬರು ನಿಂತು ಪ್ರಶ್ನೆ ಕೇಳ್ತಾರೆ. ರೆಡಿಮೇಡ್ ಪ್ರಾಜೆಕ್ಟ್ ಅಂಗಡಿಗೆ ದುಡ್ಡು ಕೊಟ್ಟು ತಂದವರು ಈ ಅವಕಾಶವನ್ನು ದುಡ್ಡು ಕೊಟ್ಟು ಕಳಕೊಂಡ ಹಾಗೆ! ಅದೇ ಐಐಎಸ್‌ಸಿ ವರ್ಷಕ್ಕೊಂದು ದಿನ ಓಪನ್ ಡೇ ಅಂತ ತನ್ನ ಲ್ಯಾಬ್‌ಗಳನ್ನು ಎಲ್ಲರಿಗೂ ತೆರೆಯುತ್ತೆ. ಟಿಕೆಟ್ ಇಲ್ಲ. ಸಂಶೋಧನಾ ವಿದ್ಯಾರ್ಥಿಗಳು ತಾವಾಗೇ ನಿಂತು ವಿವರಿಸ್ತಾರೆ. ಕೋಡಿಂಗ್ ಬರೋರಿಗೆ ಬಸ್ ಚಾರ್ಜೂ ಬೇಕಿಲ್ಲ. ಓಪನ್ ಸೋರ್ಸ್ ತಂತ್ರಾಂಶಗಳಲ್ಲಿ ಒಂದು ಸಣ್ಣ ದೋಷ ಸರಿ ಮಾಡಿ ಕಳಿಸಿದರೆ ಅದನ್ನು ಪರಿಶೀಲಿಸೋನು ಬರ್ಲಿನ್‌ನಲ್ಲಿರಬಹುದು, ಪುಣೆಯಲ್ಲಿರಬಹುದು. ಅವನಿಗೆ ನಿಮ್ಮ ಕಾಲೇಜಿನ ಹೆಸರು ಬೇಡ, ನಿಮ್ಮ ಕೋಡ್ ಸಾಕು. ಗೂಗಲ್ 2005ರಿಂದ ನಡೆಸ್ತಿರೋ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮಕ್ಕೂ ಇದೇ ದಾರಿ.

ಕಾಲೇಜಿನೊಳಗೇ ನಾವು ಕಣ್ಣೆತ್ತಿ ನೋಡದ ಒಬ್ಬರಿದ್ದಾರೆ: ಲ್ಯಾಬ್ ಇನ್‌ಸ್ಟ್ರಕ್ಟರ್. ಪ್ರೊಫೆಸರ್ ಬದಲಾಗ್ತಾರೆ, ಎಚ್‌ಒಡಿ ಬದಲಾಗ್ತಾರೆ, ಇವರು ಇಪ್ಪತ್ತು ವರ್ಷ ಅದೇ ಲ್ಯಾಬ್‌ನಲ್ಲಿರ್ತಾರೆ. ಯಾವ ಬ್ಯಾಚಿನ ಯಾರು ಎಲ್ಲಿದ್ದಾರೆ ಅನ್ನೋದು ಅಲ್ಯುಮ್ನಿ ಅಸೋಸಿಯೇಷನ್ ಕಂಪ್ಯೂಟರ್‌ನಲ್ಲಿ ಇರುತ್ತೋ ಇಲ್ಲವೋ, ಇವರ ತಲೆಯಲ್ಲಿ ಇರುತ್ತೆ. ನಾನು ಎಲೆಕ್ಟ್ರಾನಿಕ್ಸ್ ಓದಿದವಳು, ಟಿವಿಗೆ ಹೇಗೆ ಬಂದ್ರಿ ಅಂತ ಎಲ್ಲರೂ ಕೇಳ್ತಾರೆ. ನಮ್ಮ ಲ್ಯಾಬ್‌ನ ಸಾರ್ ಒಬ್ಬರ ಷಡ್ಡಕ ನಮ್ಮೂರಲ್ಲಿ ಕೇಬಲ್ ಚಾನೆಲ್ ನಡೆಸ್ತಿದ್ದರು. ಐದನೇ ಸೆಮಿಸ್ಟರ್‌ನಲ್ಲಿ ಅಲ್ಲಿ ಭಾನುವಾರದ ಸ್ಥಳೀಯ ವಾರ್ತೆ ಓದೋಕೆ ಶುರು ಮಾಡಿದೆ. ಅಲ್ಲಿ ಎಡಿಟಿಂಗ್ ಮಾಡ್ತಿದ್ದ ಅಣ್ಣ ಒಬ್ಬರು ಬೆಂಗಳೂರಿಗೆ ಬಂದರು. ವರ್ಷಕ್ಕೊಂದು ಸಲ, ಯುಗಾದಿಗೆ, ಫೋನ್ ಮಾಡ್ತಿದ್ದೆ. ಅಂಥ ಒಂದು ಯುಗಾದಿ ಫೋನ್‌ನಲ್ಲೇ ಅವರು ಆಡಿಷನ್ ಇದೆ ಅಂದದ್ದು. ಆಡಿಷನ್‌ಗೆ ನೂರಕ್ಕೂ ಹೆಚ್ಚು ಜನ ಬಂದಿದ್ದರು, ಅದನ್ನು ಅವರು ಪಾಸು ಮಾಡಿಸೋಕೆ ಸಾಧ್ಯವಿರಲಿಲ್ಲ, ಮಾಡಿಸಲೂ ಇಲ್ಲ. ಇದೆ ಅನ್ನೋ ಸುದ್ದಿ ಮಾತ್ರ ಅವರದು.

ಸುದ್ದಿ ಕಿವಿಗೆ ಬಿದ್ದ ಮೇಲೆ ನೀವೇನು ಮಾಡ್ತೀರಿ ಅನ್ನೋದು ಇನ್ನೊಂದು ಅರ್ಧ. ಮೈಸೂರಿನ ಎನ್‌ಐಇಯಲ್ಲಿ ಇಂಜಿನಿಯರಿಂಗ್ ಮುಗಿಸಿ ಐಐಟಿ ಕಾನ್ಪುರಕ್ಕೆ ಹೋಗಿದ್ದ ಎನ್.ಆರ್. ನಾರಾಯಣ ಮೂರ್ತಿ, 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಭಾಷಣದಲ್ಲಿ ಒಂದು ಘಟನೆ ಹೇಳಿದ್ದಾರೆ. ಅದು 1968, ಒಂದು ಭಾನುವಾರದ ತಿಂಡಿ ಹೊತ್ತು. ಅಮೆರಿಕದಿಂದ ಬಂದಿದ್ದ ಕಂಪ್ಯೂಟರ್ ವಿಜ್ಞಾನಿಯೊಬ್ಬರು ವಿದ್ಯಾರ್ಥಿಗಳ ಜೊತೆ ಕೂತು, ಈ ಹೊಸ ವಿಷಯ ಮುಂದೆ ಏನೆಲ್ಲ ಮಾಡಬಹುದು ಅಂತ ಮಾತಾಡಿದರು. ಮೂರ್ತಿಯವರು ಆಗ ಓದುತ್ತಿದ್ದದ್ದು ಕಂಟ್ರೋಲ್ ಥಿಯರಿ. ತಿಂಡಿ ಮುಗಿಸಿ ನೇರ ಲೈಬ್ರರಿಗೆ ಹೋಗಿ, ಆ ವಿಜ್ಞಾನಿ ಹೇಳಿದ ನಾಲ್ಕೈದು ಪ್ರಬಂಧ ಓದಿ, ಕಂಪ್ಯೂಟರ್ ಸೈನ್ಸೇ ಓದಬೇಕು ಅಂತ ತೀರ್ಮಾನ ಮಾಡಿ ಹೊರಗೆ ಬಂದರಂತೆ. ಮಾತು ಕೇಳಿದ್ದು ದೊಡ್ಡ ಗುಂಪು. ನಾನಾಗಿದ್ದರೆ ನನ್ನ ಪ್ರಶ್ನೆ, ಅವತ್ತು ಲೈಬ್ರರಿ ಕಡೆ ಹೆಜ್ಜೆ ಹಾಕಿದವರು ಎಷ್ಟು ಜನ?

ಈಗ ಮೆಸೇಜ್ ವಿಷಯ. ನನಗೇ ದಿನಾ ಬರೋದು ಹೀಗೆ: "ಹಾಯ್ ಮೇಡಂ", ಹತ್ತು ನಿಮಿಷ ಬಿಟ್ಟು "ಎನಿ ವೇಕೆನ್ಸಿ?" ಇದಕ್ಕೆ ಯಾರೂ ಉತ್ತರ ಕೊಡಲ್ಲ, ಕೊಡೋಕೆ ಅದರಲ್ಲಿ ಏನೂ ಇಲ್ಲ. ಅದೇ ಹುಡುಗ ಸೀನಿಯರ್ ಒಬ್ಬರಿಗೆ ಹೀಗೆ ಬರೆಯಲಿ: "ಸರ್, ನಾನು ನಿಮ್ಮದೇ ಕಾಲೇಜು, ಆರನೇ ಸೆಮಿಸ್ಟರ್. ಮಣ್ಣಿನ ತೇವ ಅಳೆಯೋ ಸರ್ಕ್ಯೂಟ್ ಮಾಡ್ತಿದ್ದೀನಿ. ಬೆಳಿಗ್ಗೆ ಸರಿಯಾಗಿ ಬರೋ ರೀಡಿಂಗ್ ಮಧ್ಯಾಹ್ನ ತಪ್ಪಾಗುತ್ತೆ. ಬಿಸಿಲಿನ ಪರಿಣಾಮ ಇರಬಹುದು ಅನ್ಸುತ್ತೆ. ಮೊದಲು ಏನು ಪರೀಕ್ಷೆ ಮಾಡಬೇಕು? ಎರಡು ಸಾಲು ಹೇಳಿದ್ರೂ ಸಾಕು." ಇಂಜಿನಿಯರ್ ಆದ ಯಾವನಿಗೂ ಇದನ್ನು ಓದಿ ಸುಮ್ಮನಿರೋಕೆ ಆಗಲ್ಲ. ಕನ್ನಡದಲ್ಲೇ ಬರೆಯಿರಿ, ಕಂಗ್ಲಿಷ್‌ನಲ್ಲಿ ಬರೆಯಿರಿ, ಪ್ರಶ್ನೆ ನಿಮ್ಮದಾಗಿರಲಿ. ಉತ್ತರ ಬಂದರೆ, ಬಹಳ ಮಂದಿ ಮರೆಯೋದು ಇದನ್ನೇ, ಹತ್ತು ದಿನ ಬಿಟ್ಟು ಏನಾಯ್ತು ಅಂತ ಹೇಳಿ. "ನೀವು ಹೇಳಿದ ಹಾಗೆ ಮಾಡಿದೆ, ಸರಿಹೋಯ್ತು." ಹೀಗೆ ಹೇಳಿದ ದಿನದಿಂದ ಆ ಮನುಷ್ಯ ನಿಮ್ಮನ್ನು ನೆನಪಿಟ್ಟುಕೊಳ್ತಾನೆ.

ಎಲ್ಲ ಪರಿಚಯವೂ ಕೆಲಸಕ್ಕಾಗಿ ಅಲ್ಲ. ಇಯರ್ ಬ್ಯಾಕ್ ಆದವನು, ಪ್ಲೇಸ್ ಆಗದವಳು ಮೊದಲು ಮಾಡೋ ಕೆಲಸ ಕ್ಲಾಸ್ ಗ್ರೂಪ್‌ನಿಂದ ಎಕ್ಸಿಟ್ ಆಗೋದು. ಅವತ್ತು ರಾತ್ರಿ ಫೋನ್ ಮಾಡೋಕೆ ಎರಡು ನಂಬರ್ ಇರಬೇಕು. ಅದು ಅಪರೂಪದ ಪರಿಚಯದವರದಲ್ಲ, ಗಟ್ಟಿ ನಂಟಿನವರದು. ಅಂಥವರು ಯಾರೂ ನೆನಪಿಗೆ ಬರದಿದ್ದರೆ 14416 ಇದೆ, ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಇನ್ನು ನಮ್ಮ ಕ್ರೈಮ್ ಡೆಸ್ಕ್‌ಗೆ ಬರೋ ಸಂಗತಿ. ನೆಟ್‌ವರ್ಕ್ ಅನ್ನೋ ಶಬ್ದವನ್ನೇ ಕದ್ದಿರೋ ಜನ ಕಾಲೇಜು ಗೇಟಿನ ಹೊರಗೆ ನಿಂತಿದ್ದಾರೆ. "ಇಷ್ಟು ಕಟ್ಟಿ ಸೇರ್ಕೋ, ನಿನ್ನ ಕೆಳಗೆ ಆರು ಜನ ಸೇರಿಸು, ಮನೇಲಿ ಕೂತ್ಕೊಂಡು ದುಡ್ಡು." ಇಂಜಿನಿಯರಿಂಗ್ ಓದೋರು ಕ್ಯಾಲ್ಕುಲೇಟರ್ ತೆಗೀರಿ. ಒಬ್ಬೊಬ್ಬರೂ ಆರಾರು ಜನರನ್ನು ಸೇರಿಸಿದರೆ ಹತ್ತನೇ ಹಂತದಲ್ಲಿ ಬೇಕಾಗೋರು 6,04,66,176 ಜನ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ. ಹದಿಮೂರನೇ ಹಂತಕ್ಕೆ ಭೂಮಿ ಮೇಲೆ ಅಷ್ಟು ಜನವೇ ಇಲ್ಲ. ಹಾಗಾಗಿ ಕೊನೆಗೆ ಸೇರಿದವನ ದುಡ್ಡು ಹೋಗಲೇಬೇಕು, ಆ ಕೊನೆಯವನು ನಿಮ್ಮದೇ ರೂಮ್‌ಮೇಟ್ ಆಗಿರ್ತಾನೆ. ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ 1978ರಿಂದಲೇ ಇದೆ. 2021ರ ನೇರ ಮಾರಾಟ ನಿಯಮಗಳೂ ಪಿರಮಿಡ್ ಯೋಜನೆಯನ್ನು ನಿಷೇಧಿಸಿವೆ. ಇವರ ಅಣ್ಣತಮ್ಮಂದಿರು "ಬ್ಯಾಕ್‌ಡೋರ್ ಜಾಬ್" ಮಾರೋರು. ಲಕ್ಷಗಟ್ಟಲೆ ಇಸ್ಕೊಂಡು ನಕಲಿ ಆಫರ್ ಲೆಟರ್ ಕೊಡ್ತಾರೆ. ನಿಜವಾದ ರೆಫರಲ್‌ನಲ್ಲಿ ಅಭ್ಯರ್ಥಿಯ ಜೇಬಿನಿಂದ ಒಂದು ರೂಪಾಯಿಯೂ ಹೊರಡಲ್ಲ. ಆನ್‌ಲೈನ್‌ನಲ್ಲಿ ದುಡ್ಡು ಕಳಿಸಿ ಮೋಸ ಹೋಗಿದ್ದರೆ ಅಪ್ಪನಿಗೆ ಹೇಗೆ ಹೇಳಲಿ ಅಂತ ಕೂರಬೇಡಿ, ಮೊದಲು 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯೋ ಅವಕಾಶ ಹೆಚ್ಚು.

ಕೊನೆಯದಾಗಿ ಹುಡುಗಿಯರ ವಿಷಯ, ಯಾಕೆಂದರೆ ಇಷ್ಟೆಲ್ಲ ಬರೆದ ಮೇಲೆ "ನಮಗೆ ಟೈಮ್ ಎಲ್ಲಿದೆ ಮೇಡಂ" ಅಂತ ಅವರೇ ಬರೀತಾರೆ. ನಾನಿದ್ದ ಹಾಸ್ಟೆಲ್ ಗೇಟು ಸಂಜೆ ಏಳಕ್ಕೆ ಮುಚ್ಚುತ್ತಿತ್ತು. ಸೀನಿಯರ್‌ಗಳು ಊರಿಗೆ ಬಂದಾಗ ಹುಡುಗರ ಜೊತೆ ಟೀ ಅಂಗಡಿಯಲ್ಲಿ ಕೂರ್ತಿದ್ದದ್ದು ಏಳೂವರೆಗೆ. ಯಾವ ಕಂಪನಿ ಟೆಸ್ಟ್‌ನಲ್ಲಿ ಏನು ಕೇಳಿದರು, ಯಾವ ಪ್ರೊಫೆಸರ್ ಶಿಫಾರಸು ಪತ್ರ ಕೊಡ್ತಾರೆ, ಎಲ್ಲಾ ಆ ಬೆಂಚಿನ ಮೇಲೆ ಹಂಚಿಹೋಗ್ತಿತ್ತು. ಮಾರನೇ ದಿನ ಕ್ಲಾಸಿನಲ್ಲಿ ನಮಗೆ ಸಿಗ್ತಿದ್ದದ್ದು ಅದರ ಚೂರುಪಾರು. ಹುಡುಗಿಯರಿಗೆ ಇನ್ನಷ್ಟು ಧೈರ್ಯ ಮಾಡಿ ಅಂತ ಉಪದೇಶ ಮಾಡೋದರಿಂದ ಇದು ಸರಿಹೋಗಲ್ಲ. ಗಡಿಯಾರ ಬದಲಾಯಿಸಬೇಕಾದ್ದು ಕಾಲೇಜು. ಹಳೆ ವಿದ್ಯಾರ್ಥಿಗಳ ಸಮಾವೇಶ ಅಂದರೆ ರಾತ್ರಿ ಹೋಟೆಲ್ ಊಟ, ಶಾಲು, ಹಾರ ಅನ್ನೋದನ್ನು ಬಿಟ್ಟು, ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಲ್ಯಾಬ್‌ನಲ್ಲೇ ಮಾಡಲಿ. ಬಂದ ಹಳೆ ವಿದ್ಯಾರ್ಥಿ ಒಬ್ಬೊಬ್ಬರ ಮುಂದೆ ಐದೈದು ಜನ ಮೂರನೇ ವರ್ಷದವರನ್ನು ಕೂರಿಸಲಿ, ಅದರಲ್ಲಿ ಮೂವರು ಹುಡುಗಿಯರಿರಲಿ. ಯಾವ ಪ್ರಿನ್ಸಿಪಾಲರಾದರೂ ಇದನ್ನು ಮಾಡಿದರೆ ನನಗೆ ತಿಳಿಸಿ. ಕ್ಯಾಮೆರಾ ಕಳಿಸ್ತೀನಿ.